ಅವ್ವ ಅಲ್ಲೇ ಕುಳಿತಿದ್ದಾಳೆ

(ಕಲಬುರಗಿಯ ಕಾಲೇಜೊಂದರಲ್ಲಿ ರಾಷ್ಟ್ರೀಯ ಸೇವಾ ಯೋಜನೆಗೆ ಹೊಸದಾಗಿ ಸೇರಿದ ವಿದ್ಯಾರ್ಥಿಗಳ ಮುಂದೆ, ಅದೇ ಕಾಲೇಜಿನ ಬಿ.ಎಸ್ಸಿ. ಅಂತಿಮ ವರ್ಷದ ವಿದ್ಯಾರ್ಥಿನಿ ಆಡಿದ ಮಾತುಗಳ ಬರಹ ರೂಪ.)

ಚಪ್ಪಲಿಯ ಪ್ರಸಂಗದಿಂದ ಶುರು ಮಾಡುತ್ತೇನೆ.

ಮನೆಯಿಲ್ಲದ ಕುಟುಂಬಗಳು ತಂಗುವ ಒಂದು ವಸತಿಗೆ, ಅಲ್ಲಿನ ಮಕ್ಕಳಿಗೆ ಪಾಠ ಹೇಳಿಕೊಡಲು, ನಾನು ಹೋಗಲು ಆರಂಭಿಸಿ ಎರಡು ತಿಂಗಳಾಗಿತ್ತು. ಏಪ್ರಿಲ್ ತಿಂಗಳು. ಕಲಬುರಗಿಯ ಏಪ್ರಿಲ್ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ; ಬಿಸಿಲಿಗೆ ಹೆದರಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನಕ್ಕೆ ಬಾಗಿಲು ಹಾಕುವ ಕಾಲ. ಅಂಥ ಬಿಸಿಲಿನಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಬರಿಗಾಲಿನಲ್ಲಿ ನಲ್ಲಿಯಿಂದ ನೀರು ತರುತ್ತಿದ್ದಳು. ಕೊಡದಿಂದ ನೀರು ತುಳುಕಿ ನೆಲ ಒದ್ದೆಯಾದ ಕಡೆ ಹುಡುಕಿ ಹುಡುಕಿ ಕಾಲಿಡುತ್ತಿದ್ದಳು. ಅದನ್ನು ನೋಡಿ ನನ್ನ ಹೊಟ್ಟೆಯಲ್ಲಿ ಏನೋ ಆಯಿತು. ಮುಂದಿನ ಶನಿವಾರ ಸೂಪರ್ ಮಾರ್ಕೆಟ್‌ನಲ್ಲಿ ಒಂದು ಜೊತೆ ಚಪ್ಪಲಿ ಕೊಂಡೆ. ಎಲ್ಲ ಮಕ್ಕಳ ನಡುವೆ ಅವಳನ್ನು ಕೂರಿಸಿ, ನಾನೇ ಅವಳ ಕಾಲಿಗೆ ತೊಡಿಸಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಹುಡುಗಿ ನಕ್ಕಳು. ಗೋಡೆಯ ಪಕ್ಕದಲ್ಲಿ ಅವಳ ತಾಯಿ ಮೊರದಲ್ಲಿ ಬೇಳೆ ಹಸನು ಮಾಡುತ್ತಾ ಕುಳಿತಿದ್ದಳು. ಅವಳ ಕೈ ಒಂದು ಗಳಿಗೆ ನಿಂತದ್ದನ್ನು ನಾನು ಕಂಡೆ, ಆದರೆ ಅದರ ಅರ್ಥ ಆಗಲಿಲ್ಲ.

ಮರುವಾರ ಹೋದಾಗ ಹುಡುಗಿ ಮತ್ತೆ ಬರಿಗಾಲಿನಲ್ಲಿದ್ದಳು. ಚಪ್ಪಲಿ ಅದೇ ಪ್ಲಾಸ್ಟಿಕ್ ಚೀಲದಲ್ಲಿ ಟ್ರಂಕಿನ ಮೇಲಿತ್ತು. ನಾನು ಕೇಳುವ ಮೊದಲೇ ತಾಯಿ ಹೇಳಿದಳು: ‘ಮೇಡಂ, ಈ ವಾರದ ಪಗಾರದಲ್ಲಿ ಚಪ್ಪಲಿ ತರುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದೆ.’ ಅಷ್ಟೇ. ಬೈಯಲಿಲ್ಲ, ಧ್ವನಿ ಏರಿಸಲಿಲ್ಲ. ಆಕೆ ದಾಲ್ ಮಿಲ್‌ಗೆ ದಿನಗೂಲಿಗೆ ಹೋಗುವವಳು. ಆರು ದಿನ ದುಡಿದು ಏಳನೆಯ ದಿನ ಮಗಳ ಮುಂದೆ ದೊಡ್ಡವಳಾಗಬೇಕೆಂದಿದ್ದ ಅವಳನ್ನು ನಾನು ಒಂದು ಜೊತೆ ಚಪ್ಪಲಿಯಿಂದ ಎಲ್ಲರೆದುರು ಸಣ್ಣವಳನ್ನಾಗಿ ಮಾಡಿದ್ದೆ.

ಇವತ್ತು ನಿಮ್ಮ ಮುಂದೆ ಮಾತಾಡಲು ನನ್ನನ್ನು ಕರೆದದ್ದು ‘ಮಕ್ಕಳೊಂದಿಗೆ ಸೇವೆ’ ಎಂಬ ವಿಷಯಕ್ಕೆ. ನಾನು ಹೆಚ್ಚು ಮಾತಾಡುವುದು ಆ ಮಕ್ಕಳ ತಾಯಂದಿರ ಬಗ್ಗೆ. ಕಾರಣ ಇದೆ.

ನಮ್ಮಲ್ಲಿ ಬಹಳ ಮಂದಿ ‘ನಿರಾಶ್ರಿತ ಮಕ್ಕಳು’ ಎಂದ ಕೂಡಲೇ ಅನಾಥಾಶ್ರಮವನ್ನು ನೆನೆಯುತ್ತೇವೆ. ಕುಟುಂಬ ವಸತಿ ಬೇರೆಯದೇ ಜಾಗ. ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯನ್ನು ತೆಗೆದು ನೋಡಿದರೆ, ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನ ತಂಗುವ ವಸತಿ ಇರಬೇಕು ಎನ್ನುತ್ತದೆ. ಗಂಡಸರಿಗೆ, ಹೆಂಗಸರಿಗೆ, ಕುಟುಂಬಗಳಿಗೆ ಎಂದು ಬೇರೆ ಬೇರೆ ಬಗೆ. ಒಬ್ಬರಿಗೆ ಕನಿಷ್ಠ 50 ಚದರ ಅಡಿ. ಐದು ಅಡಿ ಅಗಲ, ಹತ್ತು ಅಡಿ ಉದ್ದ ಎಂದು ಮನಸ್ಸಿನಲ್ಲಿ ಗೆರೆ ಎಳೆದುಕೊಳ್ಳಿ. ನಮ್ಮ ನಗರದ ಜನಸಂಖ್ಯೆ 2011ರ ಜನಗಣತಿಯಲ್ಲೇ 5 ಲಕ್ಷ ದಾಟಿತ್ತು. ಎಷ್ಟು ವಸತಿ ಇರಬೇಕೆಂಬ ಲೆಕ್ಕವನ್ನು ನೀವೇ ಹಾಕಿ.

ನಾನು ಹೋಗುವ ಜಾಗದ ಹೆಸರನ್ನೂ ಓಣಿಯನ್ನೂ ಹೇಳುವುದಿಲ್ಲ, ಯಾಕೆಂದು ಮುಂದೆ ಹೇಳುತ್ತೇನೆ. ಒಂದು ದೊಡ್ಡ ಹಾಲ್. ಹಗ್ಗ ಕಟ್ಟಿ, ಹಗ್ಗದ ಮೇಲೆ ಹಳೆಯ ಸೀರೆ ಇಳಿಬಿಟ್ಟು ಒಂದೊಂದು ಸಂಸಾರಕ್ಕೆ ಒಂದೊಂದು ಪಾಲು ಮಾಡಿದ್ದಾರೆ. ಅಲ್ಲಿ ಬೆಂಗಳೂರಿನ ಕಟ್ಟಡ ಕೆಲಸ ಮುಗಿದು ವಾಪಸ್ ಬಂದು, ಊರಲ್ಲಿ ಮನೆ ಬಿದ್ದುಹೋಗಿರುವವರು ಇದ್ದಾರೆ. ಗಂಡನ ಚಿಕಿತ್ಸೆಗೆಂದು ಯಾದಗಿರಿ ಕಡೆಯಿಂದ ಬಂದು, ಹಣ ಮುಗಿದು ಇಲ್ಲೇ ಕೂಲಿಗೆ ನಿಂತವರಿದ್ದಾರೆ. ಹೊಡೆತ ತಾಳದೆ ಮಕ್ಕಳನ್ನು ಕರೆದುಕೊಂಡು ರಾತ್ರೋರಾತ್ರಿ ಬಂದವರೂ ಇದ್ದಾರೆ. ಒಂದು ಸೀರೆಯ ಆಚೆ ‘ಅವ್ವ’, ಇನ್ನೊಂದರ ಆಚೆ ‘ಅಮ್ಮಿ’, ಬೀದರ್ ಗಡಿಯಿಂದ ಬಂದವರಲ್ಲಿ ‘ಆಯಿ’, ತಾಂಡಾದ ಮಕ್ಕಳ ಬಾಯಲ್ಲಿ ‘ಯಾಡಿ’. ಸಂಜೆ ಆರಕ್ಕೆ ಹೆಂಗಸರು ಕೆಲಸದಿಂದ ಬರುವಾಗ ಈ ನಾಲ್ಕೂ ಕೂಗು ಒಟ್ಟಿಗೆ ಕೇಳುತ್ತದೆ. ಅಲ್ಲಿ ಕೊರತೆ ಇರುವುದು ಸೂರಿನದು. ಅವ್ವ ಇದ್ದಾಳೆ, ಮೂರು ಅಡಿ ದೂರದಲ್ಲಿ ಕುಳಿತಿದ್ದಾಳೆ, ನೀವು ಮಾಡುವುದನ್ನೆಲ್ಲ ನೋಡುತ್ತಿದ್ದಾಳೆ.

ಅವಳನ್ನು ದಾಟಿ ಮಗುವಿನ ಬಳಿಗೆ ಹೋಗುವುದು ಬಹಳ ಸುಲಭ. ಬಿಸ್ಕತ್ತು ಇದೆ, ಬಣ್ಣದ ಪೆನ್ಸಿಲ್ ಇದೆ, ನಾವು ನಗುತ್ತೇವೆ, ಮಕ್ಕಳು ಓಡಿ ಬರುತ್ತಾರೆ. ನಾನೂ ಎರಡು ತಿಂಗಳು ಹಾಗೆಯೇ ಮಾಡಿದೆ.

ಇದಕ್ಕೆ ಸಂಬಂಧಪಟ್ಟ ಒಂದು ನೆನಪು ನನ್ನದೇ ಇದೆ. ನಮ್ಮ ಊರು ಭೀಮಾ ದಂಡೆಯದು, ಅಫಜಲಪುರ ತಾಲ್ಲೂಕು. 2020ರ ಅಕ್ಟೋಬರ್ ನಿಮ್ಮಲ್ಲಿ ಕೆಲವರಿಗೆ ನೆನಪಿರಬೇಕು. ಮಹಾರಾಷ್ಟ್ರದ ಜಲಾಶಯಗಳಿಂದ ಬಿಟ್ಟ ನೀರು, ಮೇಲೆ ಮಳೆ. ಸೊನ್ನ ಬ್ಯಾರೇಜಿನ ಕೆಳಗಿನ ಊರುಗಳಿಗೆಲ್ಲ ಹೊಳೆ ನುಗ್ಗಿತು. ನಾನು ಆಗ ಹತ್ತನೇ ತರಗತಿ. ನಮ್ಮನ್ನು ಪಕ್ಕದ ಊರಿನ ಶಾಲೆಯ ಕಾಳಜಿ ಕೇಂದ್ರಕ್ಕೆ ಕರೆದೊಯ್ದರು. ತೊಗರಿ, ಹತ್ತಿ ಎರಡೂ ನೀರಿನಡಿ ಹೋಗಿದ್ದವು. ಮರುದಿನ ಪಟ್ಟಣದಿಂದ ಬಂದ ಕೆಲವರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಬ್ರೆಡ್ ಪೊಟ್ಟಣ ಹಂಚಿದರು. ಅಪ್ಪ ಕೈ ಚಾಚಿದಾಗ ಎದುರಿನಿಂದ ಮೊಬೈಲಿನಲ್ಲಿ ಫೋಟೊ ತೆಗೆದರು. ಅಪ್ಪ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ಕುಳಿತರು. ಸಂಜೆಯವರೆಗೆ ಒಳಗೆ ಬರಲಿಲ್ಲ. ಆ ಬ್ರೆಡ್ಡನ್ನು ನನಗೂ ತಿನ್ನಲಾಗಲಿಲ್ಲ.

ಮೂರನೆಯ ದಿನ ಇನ್ನೊಬ್ಬ ಹುಡುಗ ಬಂದ, ನಿಮ್ಮ ವಯಸ್ಸಿನವನೇ. ಬೈಕಿನಿಂದ ಇಳಿದವನು ಸೀದಾ ಅಪ್ಪನ ಬಳಿಗೆ ಹೋಗಿ, ‘ಕಾಕಾ, ಅಕ್ಕಿ, ಬೇಳೆ ಬಂದಿದೆ. ಯಾವ ಮನೆಯಲ್ಲಿ ಎಷ್ಟು ಜನ ಎಂದು ನನಗೆ ಗೊತ್ತಿಲ್ಲ. ಹಂಚುವುದಕ್ಕೆ ನೀವು ನಿಲ್ಲುತ್ತೀರಾ?’ ಎಂದ. ಅಪ್ಪ ಎದ್ದರು, ತಲೆಗೆ ಟವೆಲ್ ಸುತ್ತಿದರು. ಅಂದು ಇಡೀ ದಿನ ಅವರ ಧ್ವನಿ ಶಾಲೆಯ ಅಂಗಳದಲ್ಲಿ ಕೇಳುತ್ತಿತ್ತು. ಆ ಹುಡುಗ ಯಾರೋ, ಎಲ್ಲಿಯವನೋ ಇವತ್ತಿಗೂ ಗೊತ್ತಿಲ್ಲ.

ಚಪ್ಪಲಿಯ ಚೀಲವನ್ನು ಟ್ರಂಕಿನ ಮೇಲೆ ಕಂಡ ದಿನ ನನಗೆ ನೆನಪಾದದ್ದು ಆ ಬೇವಿನ ಗಿಡ. ಇಷ್ಟು ಕಂಡವಳೇ ನಾನು ಹೀಗೆ ಮಾಡಿದೆನಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಅಲ್ಲಿಂದ ಮುಂದೆ ಏನು ಬದಲಾಯಿತು ಎಂದು ಹೇಳುತ್ತೇನೆ. ಮೊದಲನೆಯದಾಗಿ ನನ್ನ ಪಾಠದ ಜಾಗ ಬದಲಾಯಿತು. ಮೊದಲು ಮಕ್ಕಳನ್ನು ಹೊರಗಿನ ಜಗುಲಿಗೆ ಕರೆದೊಯ್ಯುತ್ತಿದ್ದೆ, ಗಲಾಟೆ ಇರುವುದಿಲ್ಲವೆಂದು. ಆಮೇಲೆ ಹಾಲ್‌ನ ಒಳಗೆ, ತಾಯಂದಿರು ಸೊಪ್ಪು ಸೋಸುವ, ಬಟ್ಟೆ ಹೊಲಿಯುವ ಜಾಗದಲ್ಲೇ ಚಾಪೆ ಹಾಸಿದೆ. ಗಲಾಟೆ ಇತ್ತು. ಆದರೆ ಆ ಗಲಾಟೆಯಲ್ಲೇ ಒಂದು ದಿನ ಹೀಗಾಯಿತು.

ಯಾದಗಿರಿ ಕಡೆಯ ಒಬ್ಬ ತಾಯಿ ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆಗಳನ್ನು ಪದರವಾಗಿ ಹಾಸಿ ಮೇಲೆ ಚೌಕ ಚೌಕ ತುಂಡು ಜೋಡಿಸಿದ್ದಳು: ತನ್ನ ಮದುವೆಯ ಇಳಕಲ್ ಸೀರೆಯ ಸೆರಗು, ಮಾವನ ಧೋತರ, ಮಗಳು ಮೂರು ವರ್ಷದವಳಿದ್ದಾಗಿನ ಹಳದಿ ಫ್ರಾಕು. ಪಕ್ಕದಲ್ಲಿ ನಾನು ಆ ಮಗಳಿಗೇ ಮಗ್ಗಿ ಹೇಳಿಕೊಡುತ್ತಿದ್ದೆ. ಆರೊಂದ್ಲೆ ಆರು, ಆರೆರಡ್ಲೆ ಹನ್ನೆರಡು ಎಂದು ಚೆನ್ನಾಗಿ ಬಂದ ಹುಡುಗಿ ಆರೆಂಟ್ಲೆ ಎಂಬಲ್ಲಿ ನಿಂತುಬಿಟ್ಟಳು. ನಾನು ಸುಮ್ಮನಿದ್ದೆ. ಸೂಜಿಯಿಂದ ಕಣ್ಣು ತೆಗೆಯದೆ ತಾಯಿ, ‘ನಲವತ್ತೆಂಟು’ ಎಂದಳು.

ಈ ತಾಯಿ ಹಿಂದಿನ ವಾರವಷ್ಟೇ ‘ನನಗೇನು ಲೆಕ್ಕ ಬರುತ್ತದೆ ಮೇಡಂ, ನಾನು ಹೆಬ್ಬೆಟ್ಟು’ ಎಂದಿದ್ದಳು. ಹೇಗೆ ಗೊತ್ತಾಯಿತು ಎಂದು ಕೇಳಿದೆ. ಕೌದಿಯನ್ನು ನನ್ನ ಕಡೆ ಎಳೆದು ತೋರಿಸಿದಳು. ಸಾಲಿಗೆ ಆರು ತುಂಡು. ಎಂಟು ಸಾಲು ಮುಗಿದಿದೆ. ಇನ್ನು ಎರಡು ಸಾಲು ಹಾಕಿದರೆ ಅರವತ್ತು ತುಂಡಿಗೆ ಕೌದಿ ಮುಗಿಯುತ್ತದೆ, ಅಷ್ಟಕ್ಕೆ ಬೇಕಾದ ಹನ್ನೆರಡು ತುಂಡು ಗಂಟಿನಲ್ಲಿ ಇವೆಯೋ ಇಲ್ಲವೋ ಎಂದು ಅವಳು ಬೆಳಗಿನಿಂದ ಯೋಚಿಸುತ್ತಿದ್ದಳು. ಹುಡುಗಿ ಬಗ್ಗಿ ಕೌದಿಯ ಮೇಲೆ ಬೆರಳಿಟ್ಟು ಎಣಿಸತೊಡಗಿದಳು. ತಾಯಿ, ‘ಒಂದೊಂದೇ ಎಣಿಸಬೇಡ, ಸಾಲು ಹಿಡಿದು ಹೋಗು’ ಎಂದಳು. ಗುಣಾಕಾರ ಎಂದರೇನು ಎಂದು ನಾನು ಎರಡು ವಾರದಿಂದ ಹೇಳಲು ಒದ್ದಾಡುತ್ತಿದ್ದದ್ದು ಈ ಒಂದು ಮಾತಿನಲ್ಲಿ ಇತ್ತು. ಅಂದಿನಿಂದ ಆ ಮಗು ಮಗ್ಗಿ ಕೇಳಿದರೆ ಅವ್ವನ ಕಡೆ ತಿರುಗುತ್ತಿತ್ತು. ನನಗೆ ಅದಕ್ಕಿಂತ ಸಂತೋಷದ ದಿನಗಳು ಕಡಿಮೆ.

ಅಪ್ಪಂದಿರೂ ಇದ್ದಾರೆ. ಅವರಲ್ಲಿ ಒಬ್ಬರು ಹಿಂದೆ ರೈಲಿನಲ್ಲಿ ಶೇಂಗಾ ಮಾರುತ್ತಿದ್ದವರು. ಅವರ ಮಗನಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಉದ್ಯಾನ್ ಎಕ್ಸ್‌ಪ್ರೆಸ್ ಹೋಗುವ ದಾರಿ ಬಾಯಿಪಾಠ: ಕಲಬುರಗಿ, ಶಹಾಬಾದ, ವಾಡಿ, ಯಾದಗಿರಿ, ರಾಯಚೂರು, ಮಂತ್ರಾಲಯಂ ರೋಡ್. ಅಪ್ಪನ ಜೊತೆ ಅವನನ್ನು ಕೂರಿಸಿ ಒಂದೊಂದು ನಿಲ್ದಾಣದ ಹೆಸರನ್ನು ಹಳದಿ ಹಾಳೆಯಲ್ಲಿ ಕಪ್ಪು ಶಾಯಿಯಿಂದ ದೊಡ್ಡದಾಗಿ ಬರೆದೆವು, ನಿಲ್ದಾಣದ ಫಲಕದ ಹಾಗೆಯೇ. ‘ವಾಡಿ’ ಅವನು ಓದಿದ ಮೊದಲ ಪದ. ಅ, ಆ, ಇ, ಈಯಿಂದ ಶುರು ಮಾಡಬೇಕೆಂಬ ಹಟವನ್ನು ನಾನು ಅಲ್ಲಿಗೆ ಬಿಟ್ಟೆ.

ಈಗ ಶಾಲೆಯ ವಿಷಯ. ಇದನ್ನು ಸ್ವಲ್ಪ ಗಮನವಿಟ್ಟು ಕೇಳಿ, ನೀವು ಅಲ್ಲಿಗೆ ಹೋಗತೊಡಗಿದ ಮೊದಲ ತಿಂಗಳಲ್ಲೇ ಈ ಪ್ರಶ್ನೆ ಎದುರಾಗುತ್ತದೆ. ಕೌದಿಯ ತಾಯಿ ಮಗಳನ್ನು ಶಾಲೆಗೆ ಸೇರಿಸಲು ಹೋದಾಗ ‘ವರ್ಗಾವಣೆ ಪತ್ರ ಎಲ್ಲಿ, ಜನನ ಪ್ರಮಾಣಪತ್ರ ಎಲ್ಲಿ’ ಎಂದು ಕೇಳಿ ವಾಪಸ್ ಕಳಿಸಿದ್ದರು. ಮಗು ಒಂದನೇ ತರಗತಿಗೆ ಸ್ವಲ್ಪ ದಿನ ಊರಲ್ಲಿ ಹೋಗಿತ್ತು, ಆಮೇಲೆ ಬೆಂಗಳೂರು, ಆಮೇಲೆ ಏನೂ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದರ 4ನೇ ಸೆಕ್ಷನ್ ಪ್ರಕಾರ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ, ಇದು 5ನೇ ಸೆಕ್ಷನ್. ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸುವಂತಿಲ್ಲ, ಇದು 14ನೇ ಸೆಕ್ಷನ್. ಹಳೆಯ ಶಾಲೆಯಲ್ಲಿ ಹೆಸರು ದಾಖಲಾಗಿದ್ದರೆ ಎಸ್‌ಎಟಿಎಸ್ ಸಂಖ್ಯೆ, ಅಂದರೆ ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಆ ಮಗುವಿನ ಗುರುತಿನ ಸಂಖ್ಯೆ, ಇರುತ್ತದೆ. ಅದು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಇಷ್ಟನ್ನು ತಿಳಿದುಕೊಂಡ ಮೇಲೆ ನನಗೆ ಬಂದ ಆಸೆ, ನಾನೇ ಹೋಗಿ ಇದನ್ನೆಲ್ಲ ಹೇಳಿ ಸೇರಿಸಿ ಬರುತ್ತೇನೆ ಎಂಬುದು. ಬಿ.ಎಸ್ಸಿ. ಓದುತ್ತಿದ್ದೇನೆ, ಮಾತು ಬರುತ್ತದೆ. ಆದರೆ ವಸತಿಯ ಉಸ್ತುವಾರಿ ನೋಡಿಕೊಳ್ಳುವ ಹಿರಿಯರು ತಡೆದರು. ‘ನೀನು ಸೇರಿಸಿದರೆ ಶಾಲೆಯವರು ಮುಂದೆ ಯಾರನ್ನು ಕರೆಯುತ್ತಾರೆ? ನಿನ್ನನ್ನು. ನೀನು ಪರೀಕ್ಷೆಗೆ ಓದುತ್ತಾ ಕುಳಿತಿರುತ್ತೀಯಾ’ ಎಂದರು.

ಹಾಗಾಗಿ ನಾವು ತಯಾರಿ ಮಾಡಿದೆವು. ಮೂರು ಸಂಜೆ. ನಾನು ಮುಖ್ಯ ಶಿಕ್ಷಕಿಯಾಗಿ ಕುರ್ಚಿಯ ಮೇಲೆ ಕೂರುವುದು, ತಾಯಿ ಎದುರಿಗೆ ನಿಂತು ಹೇಳುವುದು. ಮೊದಲ ಸಂಜೆ ಅವಳ ಬಾಯಿಂದ ಮಾತೇ ಹೊರಡಲಿಲ್ಲ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಳು. ಮಗಳು ಹುಟ್ಟಿದ್ದು ಯಾವಾಗ ಎಂದರೆ ‘ಕಾರ ಹುಣ್ಣಿಮೆಯ ಮರುದಿನ’ ಎಂದಳು. ಯಾವ ವರ್ಷದ ಕಾರ ಹುಣ್ಣಿಮೆ? ಟ್ರಂಕಿನ ತಳದಿಂದ ಒಂದು ಪ್ಲಾಸ್ಟಿಕ್ ಚೀಲ ಬಂತು. ಅದರೊಳಗೆ ಇನ್ನೊಂದು ಚೀಲ. ಅದರೊಳಗೆ ಆಧಾರ್, ರೇಷನ್ ಕಾರ್ಡ್, ಮತ್ತು ಮಡಿಕೆಯಲ್ಲಿ ಹರಿದು ಅಂಟುಪಟ್ಟಿ ಹಚ್ಚಿದ ತಾಯಿ ಕಾರ್ಡ್. ಹೆರಿಗೆಯ ದಿನಾಂಕ ಅದರಲ್ಲಿತ್ತು. ಎರಡು ಊರು, ನಾಲ್ಕು ಶೆಡ್ಡು ಬದಲಿಸಿದ ಹೆಂಗಸು ಅಷ್ಟು ವರ್ಷ ಅದನ್ನು ಒದ್ದೆಯಾಗದಂತೆ ಕಾಪಾಡಿದ್ದಳು. ಓದಲು ಬಾರದವಳು.

ಶಾಲೆಗೆ ಹೋದ ದಿನ ನಾನು ಬಾಗಿಲ ಹೊರಗೆ ನಿಂತೆ. ಒಳಗೆ ಅವಳ ಧ್ವನಿ ಕೇಳಿಸಿತು: ‘ದಾಖಲೆ ಕಡಿಮೆ ಇದ್ದರೂ ಸೇರಿಸಿಕೊಳ್ಳಬೇಕು ಎಂದು ಕಾಯ್ದೆ ಇದೆ, ಮೇಡಂ. ಉಳಿದದ್ದನ್ನು ಊರಿನಿಂದ ತರಿಸಿಕೊಡುತ್ತೇನೆ.’ ತಡವರಿಸಿದಳು, ಒಂದು ಮಾತನ್ನು ಎರಡು ಸಲ ಹೇಳಿದಳು. ಅಂದೇ ಹೆಸರು ಬರೆದುಕೊಂಡರು. ಹೊರಗೆ ಬಂದು, ‘ಆಯಿತು ತಂಗಿ’ ಎಂದಳು. ಅಲ್ಲಿಯವರೆಗೆ ನಾನು ಮೇಡಂ ಆಗಿದ್ದೆ. ಮುಂದಿನ ತಿಂಗಳು ಇನ್ನಿಬ್ಬರು ತಾಯಂದಿರು ಅದೇ ಶಾಲೆಗೆ ಹೋದರು. ಅವರನ್ನು ಕರೆದೊಯ್ದದ್ದು ಅವಳು. ನನಗೆ ಗೊತ್ತಾದದ್ದೇ ಆಮೇಲೆ.

ಇಲ್ಲಿ ಒಂದು ಕಷ್ಟದ ಮಾತನ್ನೂ ಹೇಳಬೇಕು. ತಾಯಿಯನ್ನು ಮುಂದೆ ಇಡಿ ಎಂದು ಇಷ್ಟು ಹೊತ್ತು ಹೇಳಿದೆ. ಮಗುವಿಗೆ ಪೆಟ್ಟು ಬೀಳುತ್ತಿರುವುದು ಆ ಸೀರೆಯ ಒಳಗಿನಿಂದಲೇ ಆದರೆ? ಒಂದು ಸಲ ನಾಲ್ಕು ವರ್ಷದ ಹುಡುಗನ ತೋಳಿನ ಮೇಲೆ ಬಾಸುಂಡೆ ಕಂಡೆ. ಅವನ ತಾಯಿ ಎರಡು ರಾತ್ರಿ ನಿದ್ದೆಯಿಲ್ಲದೆ ರೋಗಿ ನೋಡಿಕೊಳ್ಳುವ ಕೆಲಸ ಮಾಡಿ ಬಂದಿದ್ದಳು. ನನಗೆ ಅವಳ ಮೇಲೆ ಸಿಟ್ಟೂ ಬಂತು, ಅವಳನ್ನು ಕಂಡು ಅಳುವೂ ಬಂತು. ಎರಡನ್ನೂ ಬದಿಗಿಟ್ಟು ಅಂದೇ ಉಸ್ತುವಾರಿಯವರಿಗೆ ಹೇಳಿದೆ. ನೀವೂ ಅಷ್ಟೇ ಮಾಡಿ. ‘ಯಾರಿಗೂ ಹೇಳುವುದಿಲ್ಲ’ ಎಂದು ಮಗುವಿಗೆ ಭಾಷೆ ಕೊಡಬೇಡಿ. ಮಕ್ಕಳ ಸಹಾಯವಾಣಿ 1098 ನಿಮ್ಮ ಮೊಬೈಲಿನಲ್ಲಿ ಇರಲಿ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ತಿಳಿಸುವುದು ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. 2012ರ ಪೋಕ್ಸೊ ಕಾಯ್ದೆಯಲ್ಲಿ ಅದು ಕಡ್ಡಾಯ.

ಜಾಗದ ಹೆಸರು ಯಾಕೆ ಹೇಳಲಿಲ್ಲ ಎಂಬುದಕ್ಕೆ ಬರುತ್ತೇನೆ. ಹೊಡೆತ ತಾಳದೆ ಬಂದ ತಾಯಂದಿರು ಇದ್ದಾರೆ ಎಂದೆನಲ್ಲ. ನೀವು ಮಗುವಿನೊಂದಿಗೆ ನಗುತ್ತಾ ಒಂದು ಫೋಟೊ ಹಾಕಿದರೆ, ಹಿಂದಿನ ಗೋಡೆಯ ಬಣ್ಣ, ಕಿಟಕಿಯಾಚೆಯ ಅಂಗಡಿಯ ಬೋರ್ಡು, ಇಷ್ಟು ಸಾಕು ಹುಡುಕುವವನಿಗೆ. ಆರೈಕೆ ಮತ್ತು ರಕ್ಷಣೆ ಬೇಕಾದ ಮಕ್ಕಳ ಗುರುತನ್ನು ಮಾಧ್ಯಮಗಳಲ್ಲಿ ಬಹಿರಂಗಪಡಿಸಬಾರದು ಎಂದು 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಹೇಳುತ್ತದೆ. ಸೇವಾ ಯೋಜನೆಯ ವರದಿಗೆ ಫೋಟೊ ಬೇಕೆಂದರೆ ಮಕ್ಕಳು ಬರೆದ ಚಿತ್ರದ ಫೋಟೊ ಕೊಡಿ. ನಾನು ನಿಲ್ದಾಣದ ಹಳದಿ ಹಾಳೆಗಳನ್ನು ಕೊಟ್ಟೆ.

ಎರಡು ವರ್ಷಕ್ಕೆ 240 ಗಂಟೆ ತುಂಬಿಸಬೇಕು ಎಂದು ನಿಮಗೆ ಹೇಳಿರುತ್ತಾರೆ. ಗಂಟೆಗಳು ತುಂಬುತ್ತವೆ, ಅದರ ಚಿಂತೆ ಬೇಡ. ವಾರಕ್ಕೆ ಎರಡೇ ಗಂಟೆ ಹೋಗಿ, ಆದರೆ ಹೇಳಿದ ದಿನ ಹೋಗಿ. ಸೆಮಿಸ್ಟರ್ ಪರೀಕ್ಷೆಯ ವೇಳೆ ನಾನು ಹೇಳದೆ ಮೂರು ಶನಿವಾರ ತಪ್ಪಿಸಿದ್ದೆ. ನಾಲ್ಕನೆಯ ವಾರ ಹೋದಾಗ ರೈಲಿನ ಹುಡುಗ ನನ್ನ ಜೊತೆ ಮಾತಾಡಲಿಲ್ಲ. ಆ ಮೂರು ಶನಿವಾರವೂ ಚಾಪೆ ಹಾಸಿಕೊಂಡು ಕುಳಿತಿದ್ದನಂತೆ. ಈಗ ಪರೀಕ್ಷೆಯ ದಿನಗಳನ್ನು ಕ್ಯಾಲೆಂಡರಿನಲ್ಲಿ ಅವರಿಂದಲೇ ಗುರುತು ಹಾಕಿಸುತ್ತೇನೆ.

ಹೋದ ಎಳ್ಳಮಾವಾಸ್ಯೆಯ ಮಾತು ಹೇಳಿಬಿಡುತ್ತೇನೆ, ವಿಷಯಕ್ಕೆ ನೇರ ಸಂಬಂಧವಿಲ್ಲದಿದ್ದರೂ. ನಮ್ಮ ಕಡೆ ಅಂದು ಹೊಲಕ್ಕೆ ಹೋಗದ ಮನೆ ಇಲ್ಲ. ವಸತಿಯವರಿಗೆ ಹೊಲ ಎಲ್ಲಿದೆ? ಆದರೂ ತಾಯಂದಿರು ನಾಲ್ಕಾಣೆ ಎಂಟಾಣೆ ಕೂಡಿಸಿದ ಹಾಗೆ ಕೂಡಿಸಿ ಸಜ್ಜೆ ರೊಟ್ಟಿ ತಟ್ಟಿದರು, ಸಿಕ್ಕ ಕಾಯಿಪಲ್ಲೆ ಎಲ್ಲ ಹಾಕಿ ಭಜ್ಜಿ ಮಾಡಿದರು. ಹಿಂದಿನ ಅಂಗಳದಲ್ಲಿ ಮಕ್ಕಳು ಬಕೆಟಿನಲ್ಲಿ ಬೆಳೆಸಿದ್ದ ಎರಡು ಟೊಮೆಟೊ ಗಿಡ ಇದ್ದವು. ಅದರ ಸುತ್ತ ಮಕ್ಕಳು ಕೂಗು ಹಾಕುತ್ತಾ ಚರಗ ಚೆಲ್ಲಿದರು. ಅಮ್ಮಿ ಎನ್ನುವ ಮಕ್ಕಳೂ ಯಾಡಿ ಎನ್ನುವ ಮಕ್ಕಳೂ ಒಂದೇ ಕೂಗು. ಆಮೇಲೆ ಎಲೆ ಹಾಕಿದರು. ಮೊದಲ ತುತ್ತನ್ನು ನನಗೆ ಬಡಿಸಿದವಳು ಆ ಚಪ್ಪಲಿಯ ತಾಯಿ. ‘ಉಣ್ಣು ತಂಗಿ, ದೂರದಿಂದ ಬಂದಿದ್ದೀಯಾ’ ಎಂದಳು. ಅವಳ ಮಗಳ ಕಾಲಿನಲ್ಲಿ ಕೆಂಪು ಪಟ್ಟಿಯ ಚಪ್ಪಲಿ ಇತ್ತು, ನಾನು ಕೊಂಡದ್ದಲ್ಲ.

ಆ ಸಂಸಾರ ಈಗ ಅಲ್ಲಿಲ್ಲ. ಫೆಬ್ರವರಿಯಲ್ಲಿ ಒಂದು ಬಾಡಿಗೆ ಕೋಣೆ ಸಿಕ್ಕಿತು, ಹೋದರು. ಕೌದಿಯ ತಾಯಿ ಇನ್ನೂ ಇದ್ದಾಳೆ. ಕುಟುಂಬ ವಸತಿಯಲ್ಲಿ ಮಕ್ಕಳು ಬರುತ್ತಾರೆ, ಹೋಗುತ್ತಾರೆ. ಹೋದರೆ ಒಳ್ಳೆಯದೇ ಆಗಿದೆ ಎಂದು ತಿಳಿಯಬೇಕು. ನಾನೂ ಬರುವ ಜೂನ್‌ಗೆ ಹೋಗುತ್ತೇನೆ, ಅದಕ್ಕೇ ನಿಮ್ಮನ್ನು ಕೇಳುತ್ತಿರುವುದು.

ಬರುವ ಶನಿವಾರ ಸಂಜೆ ನಾಲ್ಕಕ್ಕೆ ಕಾಲೇಜಿನ ಗೇಟಿನ ಬಳಿ ನಿಂತಿರುತ್ತೇನೆ. ಐದು ಮಂದಿ ಸಾಕು. ಬಿಸ್ಕತ್ತು, ಚಾಕೊಲೇಟು ಏನೂ ತರಬೇಡಿ. ಸೂಜಿ ಹಿಡಿಯಲು ಬರುವವರು ಇದ್ದರೆ ಮೊದಲು ಕೈ ಎತ್ತಿ. ಕೌದಿ ಎರಡನೆಯದು ಶುರುವಾಗಿದೆ, ತಾಯಿ ಒಬ್ಬಳೇ ಹೊಲಿಯುತ್ತಿದ್ದಾಳೆ, ಅವಳ ಪಕ್ಕದಲ್ಲಿ ಕುಳಿತುಕೊಳ್ಳಲು ಜಾಗ ಇದೆ.